ಹೆಸರಿನ ಜಾಗ

ಹಲ್ಲುಜ್ಜುತ್ತಿರುವಾಗ, ಬಾಯಿ ತುಂಬ ನೊರೆಯಿಟ್ಟುಕೊಂಡೇ, ಅವನು ಬಿಷಪರ ಹೆಸರನ್ನು ಹೇಳಿ ನೋಡಿದ. ಸರಿಯಾಗಿಯೇ ಬಂತು. ಉಗುಳಿ, ಬಾಯಿ ಮುಕ್ಕಳಿಸಿ, ಕನ್ನಡಿಯೊಳಗಿನ ಒದ್ದೆ ಮುಖಕ್ಕೆ ಇನ್ನೊಂದು ಸಲ ಹೇಳಿದ. ಆಗಲೂ ಬಂತು. ಅದೇನು ನಾಲಿಗೆ ಹೊರಳದ ಹೆಸರಲ್ಲ. ವರ್ಷಗಟ್ಟಲೆ ದಿನವೂ ಬೆಳಿಗ್ಗೆ ಹೇಳಿ ಹೇಳಿ ಸವೆದುಹೋದದ್ದು. ಹಾಗಿದ್ದೂ ಮೊನ್ನೆ ಬೆಳಿಗ್ಗೆ, ನಿವೃತ್ತ ಪಾದ್ರಿಗಳ ಈ ಮನೆಯ ಪುಟ್ಟ ಪ್ರಾರ್ಥನಾಲಯದಲ್ಲಿ, ಬಲಿಪೂಜೆಯ ನಟ್ಟನಡುವೆ, ಆ ಹೆಸರು ಬರಬೇಕಾದ ಜಾಗದಲ್ಲಿ ಅವನ ಬಾಯಿಂದ ಬಂದದ್ದು ಹಿಂದಿನ ಬಿಷಪರ ಹೆಸರು. ಅವರು ಸತ್ತು ಮಣ್ಣಾಗಿ ಆರು ವರ್ಷವಾಗಿತ್ತು. ಪೂಜೆ ಮಾಡುವ ಪಾದ್ರಿ ಎಲ್ಲಿಯೇ ಇರಲಿ, ಎದುರಿಗೆ ಸಾವಿರ ಜನ ಇರಲಿ, ಒಬ್ಬರೂ ಇಲ್ಲದಿರಲಿ, ಪೋಪರ ಹೆಸರನ್ನೂ ತನ್ನ ಬಿಷಪರ ಹೆಸರನ್ನೂ ಹೇಳಿಯೇ ಮುಂದಕ್ಕೆ ಹೋಗಬೇಕು. ನಾನು ಇವರ ಜೊತೆಗಿದ್ದೇನೆ ಎಂದು ದೇವರ ಮುಂದೆ ಕೊಡುವ ಮಾತು ಅದು. ಹೇಳದವನು ಜೊತೆಯಲ್ಲಿಲ್ಲ, ಅಷ್ಟೇ. ಇದೊಂದು ಹೆಸರನ್ನು ಬಿಟ್ಟದ್ದಕ್ಕೆ ಊರಿಗೆ ಊರೇ ಇಬ್ಭಾಗವಾದದ್ದುಂಟು ಎಂದು, ಪಾದ್ರಿಯಾಗಲು ಓದುತ್ತಿದ್ದ ಸೆಮಿನರಿಯಲ್ಲಿ ಪಾಠ ಮಾಡಿದ್ದರು. ಆಗ ಅವನು ಹಿಂದಿನ ಬೆಂಚಿನಲ್ಲಿ ಕುಳಿತು ಹಸಿವಿನ ಬಗ್ಗೆ ಯೋಚಿಸುತ್ತಿದ್ದ.

ತಾನು ಹಾಗೆ ಹೇಳಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಪೂಜೆ ಮುಗಿಸಿ, ವಸ್ತ್ರ ಕಳಚಿಟ್ಟು, ಊಟದ ಕೋಣೆಗೆ ಬಂದು ಚಹಾ ಬಗ್ಗಿಸಿಕೊಳ್ಳುತ್ತಿದ್ದಾಗ ಮನೆಯ ಉಸ್ತುವಾರಿ ನೋಡಿಕೊಳ್ಳುವ ಮದರ್ ಬಂದು, ಸಕ್ಕರೆಯ ಡಬ್ಬಿಯನ್ನು ಅವನತ್ತ ಸರಿಸಿ, "ಫಾದರ್, ಇವತ್ತು ದೊಡ್ಡ ಬಿಷಪ್‌ರನ್ನ ನೆನೆಸ್ಕೊಂಡ್ರಿ. ಅವರ ತಿಥಿ ಏನಾದ್ರೂ ಇತ್ತಾ?" ಎಂದು ಬಹಳ ಮೃದುವಾಗಿ ಕೇಳಿದ್ದರು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಿವಿ ಬಿಸಿಯಾಯಿತು. ಸತ್ತವರನ್ನು ನೆನೆಯಲು ಆ ಪ್ರಾರ್ಥನೆಯಲ್ಲೇ ಮುಂದೆ ಬೇರೆ ಜಾಗವಿದೆ ಎಂಬುದು ಅವನಿಗೂ ಗೊತ್ತು, ಮದರ್‌ಗೂ ಗೊತ್ತು. ಅವನು ನಕ್ಕ. ಅವರೂ ನಕ್ಕರು. ಸಂಜೆಯೊಳಗೆ ಬಿಷಪರ ಮನೆಯಿಂದ ಫೋನು ಬಂತು: ನಾಡಿದ್ದು ಮಧ್ಯಾಹ್ನ ಬಂದು ಕಾಣಬೇಕು, ಅಲ್ಲಿಯ ತನಕದ ಪೂಜೆ ಮನೆಯ ಬೇರೊಬ್ಬ ಪಾದ್ರಿ ಮಾಡಲಿ.

ಆ ನಾಡಿದ್ದು ಎಂದರೆ ಇವತ್ತು. ಅಂಗಿಯ ಗುಂಡಿಯನ್ನು ತಪ್ಪು ಕಾಜಿಗೆ ಹಾಕಿಕೊಂಡದ್ದಕ್ಕೆ ಅವನಿಗೆ ಸಿಟ್ಟು ಬಂತು. ಐವತ್ತೆಂಟು ವಯಸ್ಸು. ಮುಖ್ಯೋಪಾಧ್ಯಾಯರು ಕೋಣೆಗೆ ಕರೆಸಿದ ಹುಡುಗನ ಹಾಗೆ ಹೆದರಿದ್ದ. ಹೆದರಿಕೆಯಾದರೂ ಪರವಾಗಿರಲಿಲ್ಲ. ಅದರ ಕೆಳಗೆ ಇನ್ನೊಂದಿತ್ತು, ಒಪ್ಪಿಕೊಳ್ಳಲು ನಾಚಿಕೆಯಾಗುವಂಥದ್ದು: ಒಂದು ಬಗೆಯ ಸಡಗರ. ಐದು ತಿಂಗಳಿಂದ ಅವನನ್ನು ಯಾರೂ ಬೈದಿರಲಿಲ್ಲ, ಕೇಳಿರಲಿಲ್ಲ, ಕರೆದಿರಲಿಲ್ಲ. ಪ್ರಬೋಧನೆ ಮಾಡಕೂಡದು, ಪತ್ರಿಕೆಯವರ ಜೊತೆ ಮಾತಾಡಕೂಡದು, ಆಸ್ಪತ್ರೆಯ ಕಡೆ ತಲೆ ಹಾಕಕೂಡದು ಎಂದು ಹೇಳಿ, ದೊಡ್ಡ ಚರ್ಚಿನಿಂದ ಎತ್ತಿ ತಂದು ಈ ಮುದುಕರ ನಡುವೆ ಇಟ್ಟು ಮರೆತುಬಿಟ್ಟಿದ್ದರು. ಇಲ್ಲಿ ಬೆಳಿಗ್ಗೆ ಒಂದು ಪೂಜೆ ಮಾಡಿದರೆ ದಿನದ ಕೆಲಸ ಮುಗಿಯಿತು. ಉಳಿದದ್ದೆಲ್ಲ ಗಂಜಿ, ಮಾತ್ರೆ, ಯಾರ ಸರದಿಯ ಪತ್ರಿಕೆ ಯಾರು ಮೊದಲು ಓದಿದರೆಂಬ ಜಗಳ. ಬೆಳಗಿನ ಆ ಅರ್ಧ ಗಂಟೆಗಾಗಿ ಅವನು ಬದುಕಿಕೊಂಡಿದ್ದ ಎಂದರೆ ಅದು ಬಾಯಿಮಾತಲ್ಲ. ಅದನ್ನೂ ಕಿತ್ತುಕೊಂಡರೆ ಉಳಿಯುವುದು ಮಾತ್ರೆ ಮತ್ತು ಪತ್ರಿಕೆ.

ಫೋನು ಬಡಿದುಕೊಂಡಿತು. ಅಕ್ಕ. ತಾಯಿ ಹೋದ ಮೇಲೆ ಇವನನ್ನು ಎತ್ತಿ ಬೆಳೆಸಿದವಳು, ಇವನು ಪಾದ್ರಿಯಾದ ದಿನ ಮೊದಲ ಸಾಲಿನಲ್ಲಿ ಕುಳಿತು ಸೆರಗಿನಲ್ಲಿ ಮೂಗು ಒರೆಸಿಕೊಂಡವಳು.

"ಏನೋ, ನಿನ್ನ ಕೆಲಸದಿಂದ ತೆಗೀತಾರಂತೆ?"

"ಇದು ಕೆಲಸ ಅಲ್ಲಕ್ಕ, ತೆಗೆಯೋಕೆ."

"ಹಂಗಂದ್ರೆ ತೆಗೀದೆ ಏನ್ಮಾಡ್ತಾರೆ?"

"ಪೂಜೆ ಮಾಡ್ಬೇಡ ಅನ್ನಬಹುದು. ಅಷ್ಟೇ."

ಅಕ್ಕನ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಕೇಳಿಸಿತು. "ಹೆಸರು ತಾನೇ, ಹೇಳಿದ್ರೆ ನಿನ್ನ ಗಂಟೇನು ಹೋಗತ್ತೆ? ಅತ್ತೆ ಹೆಸರು ನಾನು ಎಷ್ಟು ವರ್ಷ ನುಂಗಿಕೊಂಡು ಬದುಕಿಲ್ಲ? ನೀನು ಒಂದು ಹೆಸರು ಉಗುಳೋಕೆ ಇಷ್ಟು ರಂಪ ಮಾಡ್ತೀಯ."

"ಬೇಕೂಂತ ಬಿಟ್ಟಿದ್ದಲ್ಲಕ್ಕ."

"ಹಂಗಾದ್ರೆ ಹಂಗೇ ಹೇಳು. ಮರೆತೆ ಅಂತ ಹೇಳು. ವಯಸ್ಸಾಯ್ತು, ಮರೆಯೋದು ತಪ್ಪಾ?"

ಅವನು ಫೋನು ಇಟ್ಟ. ಮರೆತೆ ಅಂತ ಹೇಳು. ನಿನ್ನೆಯಿಂದ ಎಲ್ಲರೂ ಅದನ್ನೇ ಹೇಳುತ್ತಿದ್ದರು, ಬಿಷಪರ ಮನೆಯಲ್ಲೇ ಇರುವ ಸೆಮಿನರಿಯ ಗೆಳೆಯನೂ ಹೇಳಿದ್ದ. ಆದರೆ ಅದು ಬರೀ ಮರೆವೇ? ಹಿಂದಿನ ಬಿಷಪರ ಅಂಗೈಗಳ ನಡುವೆ ತನ್ನ ಜೋಡಿಸಿದ ಕೈಗಳನ್ನಿಟ್ಟು ವಿಧೇಯನಾಗಿರುತ್ತೇನೆ ಎಂದು ಮಾತು ಕೊಟ್ಟವನು ಅವನು. ಆ ಕೈಗಳಿಗೆ ಮಂಡಿನೋವಿನ ಮುಲಾಮಿನ ವಾಸನೆಯಿತ್ತು. ನಿಮಗೂ ನಿಮ್ಮ ನಂತರ ಬರುವವರಿಗೂ ಎಂದು ಮಾತಿನಲ್ಲಿತ್ತು. ಆದರೆ ಇಪ್ಪತ್ತೇಳು ವರ್ಷದ ಹುಡುಗನಿಗೆ ನಂತರ ಬರುವವರು ಯಾರಿಗೆ ಗೊತ್ತು, ಅವನು ಮಾತು ಕೊಟ್ಟದ್ದು ಆ ಎರಡು ಬೆಚ್ಚಗಿನ ಕೈಗಳಿಗೆ. ಒಳಗಿನಿಂದ ಯಾವನೋ ಒಬ್ಬ ಐದು ತಿಂಗಳು ಹೊಂಚು ಹಾಕಿ ಕೂತು, ತಾನು ಅರೆನಿದ್ದೆಯಲ್ಲಿದ್ದ ಬೆಳಗ್ಗೆ ನಾಲಿಗೆಯನ್ನು ಕಸಿದುಕೊಂಡಿರಬಹುದಲ್ಲ. ಹಾಗಿದ್ದರೆ ಆ ಒಳಗಿನವನೇ ತನಗಿಂತ ಗಂಡಸು. ಹಾಗಲ್ಲದೆ ಬರೀ ಮರೆವಾಗಿದ್ದರೆ, ತನ್ನ ಜೀವನದಲ್ಲಿ ಮಾಡಿದ ಅತಿ ದೊಡ್ಡ ಪ್ರತಿಭಟನೆ ಬಾಯಿತಪ್ಪಿ ಆದದ್ದು ಎಂದಾಯಿತು.

ಬಿಷಪರ ಮನೆಗೆ ಹೋಗುವ ಬಸ್ಸು ಆಸ್ಪತ್ರೆಯ ಮುಂದೆಯೇ ನಿಲ್ಲುತ್ತದೆ. ಒಂದು ನಿಲ್ದಾಣ ಹಿಂದೆ ಇಳಿದು ಸುತ್ತುಹಾಕಿ ಹೋಗೋಣ ಎಂದುಕೊಂಡವನು ಬಿಸಿಲಿಗೆ ಸೋಮಾರಿಯಾಗಿ ಕುಳಿತೇ ಇದ್ದ. ಇಳಿದಾಗ ಎದುರಿಗೇ ಗೇಟು. ಗೇಟಿನ ಪಕ್ಕದ ಗೋಡೆಗೆ ನೀಲಿ ತಾಡಪಾಲು ಕಟ್ಟಿ, ಅದರ ನೆರಳಲ್ಲಿ ಹತ್ತು ಹನ್ನೆರಡು ಹೆಂಗಸರು ಕುಳಿತಿದ್ದರು. ವಾರ್ಡು ಗುಡಿಸಿ ಒರೆಸುವವರು. ಕಸ ತೆಗೆಯುವಾಗ ಒಬ್ಬಳ ಕೈಗೆ ಸೂಜಿ ಚುಚ್ಚಿತ್ತು. ದಪ್ಪ ಗ್ಲೌಸು ಕೊಡಿ ಎಂದು ಕೇಳಿದ್ದರು. ಆಸ್ಪತ್ರೆ ಚರ್ಚಿನದು; ಅದರ ಆಡಳಿತದವರು ಗ್ಲೌಸಿನ ಬದಲು ಒಬ್ಬ ಗುತ್ತಿಗೆದಾರನನ್ನು ತಂದು, ಇನ್ನು ಮೇಲೆ ನೀವು ನಮ್ಮವರಲ್ಲ, ಅವನನ್ನು ಕೇಳಿಕೊಳ್ಳಿ ಎಂದರು. ಗುತ್ತಿಗೆದಾರ ತನ್ನ ಜನವನ್ನು ತಂದ. ಕೆಲಸ ಕಳೆದುಕೊಂಡ ಈ ಹೆಂಗಸರು ಗೇಟಿಗೆ ಬಂದು ಕುಳಿತ ಮಾರನೆಯ ದಿನ ಇವನೂ ಇನ್ನಿಬ್ಬರು ಪಾದ್ರಿಗಳೂ ನಿಲುವಂಗಿ ಹಾಕಿಕೊಂಡೇ ಹೋಗಿ ಅವರ ಪಕ್ಕದಲ್ಲಿ ಕುಳಿತರು. ಪತ್ರಿಕೆಯವರು ಫೋಟೋ ತೆಗೆದರು. ಮೂರನೆಯ ಮಧ್ಯಾಹ್ನ ಬಿಷಪರ ಕಾರು ಬಂತು. ಅದರಿಂದ ಇಳಿದದ್ದು ಬಿಷಪರಲ್ಲ, ಅವರ ಬಲಗೈಯಾದ ಶ್ರೇಷ್ಠಗುರು, ಅಂದರೆ ಇವನ ಸೆಮಿನರಿಯ ಗೆಳೆಯ. ಸೆಮಿನರಿಯಲ್ಲಿ ಬೆಳಗಿನ ಗಂಟೆ ಹೊಡೆಯುವ ಕೆಲಸ ಅವನದಾಗಿದ್ದರಿಂದ ಎಲ್ಲರಿಗೂ ಅವನು ಗಂಟೆ. ಗಂಟೆ ಬಗ್ಗಿ ಕಿವಿಯಲ್ಲಿ, "ನೀನು ಕೊಟ್ಟ ವಿಧೇಯತೆ ಮಾತಿನ ಮೇಲೆ ಬಿಷಪ್ ಕೇಳ್ತಿದ್ದಾರೆ ಕಣೋ, ಏಳು" ಎಂದ. ಮೂವರೂ ಎದ್ದರು. ಇವನು ನಿಲುವಂಗಿಯ ಹಿಂಭಾಗದ ಧೂಳು ಕೊಡವಿಕೊಂಡ. ಅದೇ ಈಗಲೂ ಕಣ್ಣಿಗೆ ಕಟ್ಟುವುದು: ಎದ್ದದ್ದಲ್ಲ, ಧೂಳು ಕೊಡವಿಕೊಂಡದ್ದು. ಅವರು ಕೂತ ಅದೇ ನೆಲದ ಧೂಳು. ಅವರಲ್ಲಿ ದಪ್ಪಗಿನವಳೊಬ್ಬಳು, ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದವಳು, "ಹೋಗ್ಬನ್ನಿ ಫಾದರ್" ಎಂದಿದ್ದಳು, ಊಟಕ್ಕೆ ಹೋಗಿ ಬರುವವರಿಗೆ ಹೇಳುವ ಹಾಗೆ. ಇನ್ನಿಬ್ಬರಲ್ಲಿ ಒಬ್ಬ ಓದಲು ವಿದೇಶಕ್ಕೆ ಹೋದ. ಇನ್ನೊಬ್ಬ ದೂರದ ಚರ್ಚಿನಿಂದ ಪ್ರತಿ ಭಾನುವಾರ ಮೊಬೈಲಿಗೆ ಕೈಮುಗಿದ ಚಿತ್ರ ಕಳಿಸುತ್ತಾನೆ.

ಇವನು ತಲೆ ತಗ್ಗಿಸಿ ರಸ್ತೆ ದಾಟುವಷ್ಟರಲ್ಲಿ ಆ ದಪ್ಪಗಿನವಳೇ ಎದ್ದು ಬಂದಳು. ಐದು ತಿಂಗಳಲ್ಲಿ ಇಳಿದುಹೋಗಿದ್ದಳು. ಆದರೂ ಅವನ ಮನಸ್ಸಿನಲ್ಲಿ ಅವಳು ದಪ್ಪಗಿನವಳೇ.

"ಫಾದರ್, ನಿಂತ್ಕೊಳ್ಳಿ."

"ಹೇಗಿದ್ದೀರಮ್ಮ?"

"ನೋಡ್ತಿದ್ದೀರಲ್ಲ. ಬಿಸಿಲು ಕಾಯಿಸ್ಕೊಂಡು ಕೂತಿದ್ದೀವಿ." ಅವಳು ನಕ್ಕಳು. "ಕೇಳಿದ್ವಿ ಫಾದರ್. ನಿಮ್ಮನೇಲಿ ಪಾತ್ರೆ ತೊಳೀತಾಳಲ್ಲ, ಅವಳು ನಮ್ಮ ಬೀದಿಯವಳೇ. ಅವರ ಹೆಸರೇ ಎತ್ತಲಿಲ್ಲವಂತೆ ನೀವು, ದೇವರ ಮುಂದೆ."

ಅವನು ಏನಾದರೂ ಹೇಳಬೇಕಿತ್ತು. ಇಲ್ಲಮ್ಮ, ಅದು ಬಾಯಿತಪ್ಪಿ ಆದದ್ದು. ನಾಲ್ಕು ಪದ. ಅವಳ ಹಿಂದೆ ತಾಡಪಾಲಿನ ಕೆಳಗಿಂದ ಉಳಿದವರು ನೋಡುತ್ತಿದ್ದರು. ಎತ್ತರದವಳೊಬ್ಬಳು, ಸೂಜಿ ಚುಚ್ಚಿಸಿಕೊಂಡವಳು, ಕಾಲು ನೀಡಿ ಕೂತ ಮುದುಕಿ. ಎಲ್ಲರ ಮುಖದಲ್ಲೂ ಒಂದು ಬಗೆಯ ಮೆಚ್ಚುಗೆಯಿತ್ತು. ಅದು ಎಳನೀರಿನಷ್ಟು ತಂಪಾಗಿ ಅವನ ಗಂಟಲಲ್ಲಿ ಇಳಿಯಿತು.

"ಏನೋ, ನಮ್ಮ ಕೈಲಾದಷ್ಟು" ಎಂದ.

ಹೇಳಿದ ತಕ್ಷಣ ತನ್ನ ಮೇಲೆ ಹೇಸಿಗೆಯಾಯಿತು.

"ನಾಳೆ ಬೆಳಿಗ್ಗೆ ನಾವೂ ಬರ್ತೀವಿ ಫಾದರ್, ನಿಮ್ಮ ಪೂಜೆ ನೋಡೋಕೆ. ನಮ್ಮಂಥವರು ಬರಬಹುದಲ್ಲ?"

"ಯಾರು ಬೇಕಾದರೂ ಬರಬಹುದಮ್ಮ."

"ಹಿಂದೆ ಕೂತ್ಕೋತೀವಿ. ತೊಂದರೆ ಕೊಡಲ್ಲ."

ಬಿಷಪರ ಮನೆಯ ಹಜಾರದಲ್ಲಿ ಹಿಂದಿನ ಬಿಷಪರೆಲ್ಲರ ಚಿತ್ರಗಳು ಸಾಲಾಗಿ ಗೋಡೆಗೆ ತೂಗುಹಾಕಿದ್ದವು. ಮುಲಾಮಿನ ಕೈಗಳವರು ಕೊನೆಯಲ್ಲಿದ್ದರು. ಅವರ ಪಕ್ಕದ ಮೊಳೆ ಖಾಲಿ, ಈಗಿನವರಿಗಾಗಿ ಕಾದಿತ್ತು. ಗಂಟೆ ಒಳಗಿಂದ ಬಂದು ಇವನ ಹೆಗಲ ಮೇಲೆ ಕೈಹಾಕಿ, ಕಿಟಕಿಯ ಹತ್ತಿರಕ್ಕೆ ಕರೆದೊಯ್ದ.

"ಏನೂ ತಲೆ ಓಡಿಸ್ಬೇಡ. ಮರೆವು ಅಂತ ಹೇಳು, ಕೈ ಮುಗಿ, ಎದ್ದು ಬಾ. ಊಟ ಇಲ್ಲೇ."

"ಮರೆವಲ್ಲದಿದ್ರೆ?"

ಗಂಟೆ ಅವನನ್ನು ಬಹಳ ದಣಿದ ಕಣ್ಣುಗಳಿಂದ ನೋಡಿದ. "ನೋಡು, ನಿನಗೆ ಹುತಾತ್ಮನಾಗೋ ಆಸೆ. ಇವರು ಅಂಥ ಮನುಷ್ಯ ಅಲ್ಲ, ನಿನಗೆ ಆ ಸಂತೋಷ ಕೊಡಲ್ಲ. ಸುಮ್ನೆ ಯಾಕೆ?"

ಗಂಟೆ ಹೇಳಿದ್ದು ನಿಜವಾಗಿತ್ತು. ಬಿಷಪರು ಎದ್ದು ಬಾಗಿಲ ತನಕ ಬಂದರು. ಇವನಿಗಿಂತ ಆರೇಳು ವರ್ಷ ಚಿಕ್ಕವರು, ಸಣ್ಣ ಧ್ವನಿಯವರು, ಫ್ಯಾನಿನ ಗಾಳಿ ಸರಿಯಾಗಿ ತಾಗುತ್ತಿದೆಯೇ ಎಂದು ವಿಚಾರಿಸಿ, ತಾವೇ ಎದ್ದು ಅದರ ವೇಗ ಹೆಚ್ಚಿಸಿದರು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಇಡೀ ದಾರಿ ಅವನು ಒಂದು ಬೈಗುಳಕ್ಕೆ ಉತ್ತರ ಕಟ್ಟಿಕೊಂಡು ಬಂದಿದ್ದ. ಅದನ್ನು ಹೊರತೆಗೆಯಲು ಜಾಗವೇ ಸಿಗಲಿಲ್ಲ. ಅಕ್ಕನ ಆರೋಗ್ಯ ಕೇಳಿದರು. ಮನೆಯ ಮುದುಕರಲ್ಲಿ ಯಾರಿಗೆ ನೆಗಡಿ ಎಂದು ಕೇಳಿದರು. ಆಮೇಲೆ ಮೇಜಿನ ಮೇಲಿನ ಪೆನ್ನನ್ನು ನೇರವಾಗಿಟ್ಟು, "ಫಾದರ್, ಒಂದೇ ಪ್ರಶ್ನೆ. ಮರೆತಿರಾ, ಬಿಟ್ಟಿರಾ?" ಎಂದರು.

ಬಿಟ್ಟೆ ಎನ್ನಬೇಕು. ತಾಡಪಾಲಿನ ಕೆಳಗಿನ ಮುಖಗಳು ಕಣ್ಣ ಮುಂದೆ ಬಂದವು. ಬಿಟ್ಟೆ ಎಂದರೆ ಸುಳ್ಳು. ಮರೆತೆ ಎಂದರೂ ಸುಳ್ಳೇ ಇರಬಹುದು. ಆದರೆ ಆ ಸುಳ್ಳಿಗೆ ಬೆಲೆ ಕಡಿಮೆ. ಬಿಟ್ಟೆ ಎನ್ನಲು ಒಂದು ಕ್ಷಣ ಅವನು ನಿಜಕ್ಕೂ ಬಾಯಿ ತೆರೆದ.

"ಗೊತ್ತಿಲ್ಲ" ಎಂದ.

ಬಿಷಪರು ತಲೆಯಾಡಿಸಿದರು. "ನನಗೆ ಆ ಕಷ್ಟ ಇಲ್ಲ ನೋಡಿ. ನಾನು ಪೂಜೆ ಮಾಡೋವಾಗ ನನ್ನ ಹೆಸರು ನಾನೇ ಹೇಳೋ ಹಾಗಿಲ್ಲ. ನಿನ್ನ ಅಯೋಗ್ಯ ಸೇವಕನಾದ ನಾನು ಅಂತ ಹೇಳ್ಬೇಕು. ದಿನಾ ಹೇಳಿ ಹೇಳಿ ನನಗೂ ನಂಬಿಕೆ ಬಂದ್ಬಿಟ್ಟಿದೆ."

ಜೊತೆಯಲ್ಲೇ ಒಳಬಂದು ಕೂತಿದ್ದ ಗಂಟೆ ನಕ್ಕ. ಇವನಿಗೂ ನಗು ಬಂತು, ಬಂದದ್ದಕ್ಕೆ ಮೈಯೆಲ್ಲ ಉರಿಯಿತು. "ಆ ಹೆಂಗಸರು ಇನ್ನೂ ಗೇಟಲ್ಲೇ ಇದ್ದಾರೆ" ಎಂದ, ಧ್ವನಿ ಬೇಕಾದ್ದಕ್ಕಿಂತ ಎತ್ತರವಾಗಿ.

"ಅದು ಗುತ್ತಿಗೆದಾರರಿಗೆ ಸಂಬಂಧಪಟ್ಟ ವಿಷಯ" ಎಂದ ಗಂಟೆ.

"ನನಗೂ ಬೇಜಾರಿದೆ ಫಾದರ್" ಎಂದರು ಬಿಷಪರು. ಅವರ ಮುಖ ನೋಡಿದರೆ ಬೇಜಾರು ಇದ್ದಂತೆಯೂ ಕಂಡಿತು. "ಪ್ರಾರ್ಥನೆ ಮಾಡ್ತಿದ್ದೀನಿ. ಈಗ ನಿಮ್ಮ ವಿಷಯ. ನಿಮಗೆ ಗೊತ್ತಿಲ್ಲ ಅಂದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ಒಮ್ಮೆ ತಲೆಯ ಡಾಕ್ಟರಿಗೆ ತೋರಿಸೋಣ. ನಮ್ಮ ಆಸ್ಪತ್ರೆಯಲ್ಲೇ ಒಳ್ಳೆಯವರಿದ್ದಾರೆ. ಈ ವಯಸ್ಸಲ್ಲಿ ಮರೆವು ಶುರುವಾದ್ರೆ ಬೇಗ ಗೊತ್ತಾಗೋದು ಒಳ್ಳೇದು. ನಾಳೆ ಎಂದಿನಂತೆ ಪೂಜೆ ಮಾಡಿ. ಹೆಸರು ಹೇಳಿ. ನನಗೆ ಅಷ್ಟೇ ಸಾಕು. ಹೇಳೋಕೆ ಆಗಲಿಲ್ಲ ಅಂದ್ರೆ ನಾಡಿದ್ದಿಂದ ಬೇರೆಯವರು ಬಂದು ಮಾಡ್ತಾರೆ, ನೀವು ವಿಶ್ರಾಂತಿ ತಗೊಳ್ಳಿ."

ಊಟ ಮಾಡದೆ ಹೊರಟ. ಬಾಗಿಲಲ್ಲಿ ಬಿಷಪರು ಅವನ ಕೈಯನ್ನು ತಮ್ಮೆರಡು ಕೈಗಳಲ್ಲಿ ಹಿಡಿದುಕೊಂಡರು. ಆ ಕೈಗಳಿಗೆ ಯಾವ ವಾಸನೆಯೂ ಇರಲಿಲ್ಲ. ದಂಗೆಯೆದ್ದವನಾಗಿ ಒಳಗೆ ಹೋದವನು ರೋಗಿಯಾಗಿ ಹೊರಗೆ ಬಂದಿದ್ದ. ಬಿಸಿಲಲ್ಲಿ ನಡೆಯುತ್ತ ಅವನು ತನಗೆ ತಾನೇ ಜೋರಾಗಿ ಏನೋ ಅಂದುಕೊಂಡಿರಬೇಕು, ಎದುರು ಬಂದ ಹೆಂಗಸು ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು. ನಾಳೆ ಹೆಸರು ಹೇಳಿದರೆ ಗೇಟಿನವರ ಮುಂದೆ ನಗೆಪಾಟಲು. ಹೇಳದಿದ್ದರೆ ಮರೆಗುಳಿ. ಅವರ ಬೋನು ಎಷ್ಟು ಚೆನ್ನಾಗಿತ್ತೆಂದರೆ ಅದರಲ್ಲಿ ಮೊಳೆಯೇ ಕಾಣುತ್ತಿರಲಿಲ್ಲ. ವಾಪಸು ಬರುವಾಗ ಒಂದು ನಿಲ್ದಾಣ ಸುತ್ತುಹಾಕಿ ಬಸ್ಸು ಹತ್ತಿದ.

ಮಧ್ಯಾಹ್ನದ ನಿದ್ದೆಯಲ್ಲಿ ಮನೆಯೆಲ್ಲ ಗೊರಕೆ ಹೊಡೆಯುತ್ತಿದ್ದಾಗ ಅವನು ಪ್ರಾರ್ಥನಾಲಯಕ್ಕೆ ಹೋಗಿ ದೊಡ್ಡ ಪೂಜಾಗ್ರಂಥವನ್ನು ಸುಮ್ಮನೆ ತಿರುವುತ್ತಿದ್ದ. ಸಿಟ್ಟು ಬಂದಾಗ ಅವನಿಗೆ ಹಾಳೆ ತಿರುವುವ ಅಭ್ಯಾಸ. ನಡುವಿನ ಆ ಪ್ರಾರ್ಥನೆಗೆ ಹಲವು ಪಾಠಗಳಿವೆ, ಪಾದ್ರಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಎಲ್ಲರೂ ಚಿಕ್ಕದನ್ನೇ ಆರಿಸುತ್ತಾರೆ, ತಿಂಡಿ ಆರುತ್ತಿರುತ್ತದೆ. ಮೊದಲನೆಯದು, ಎಲ್ಲಕ್ಕಿಂತ ಹಳೆಯದು ಮತ್ತು ಉದ್ದನೆಯದು, ಅದರ ಹಾಳೆಗಳು ಇನ್ನೂ ಬಿಳಿಯಾಗಿಯೇ ಇದ್ದವು. ಅವನು ಅದನ್ನು ಓದಿದ. ಪೋಪರ ಹೆಸರು, ಬಿಷಪರ ಹೆಸರು. ಅದರ ಕೆಳಗೆ, ಮುಂದಿನ ಸಾಲಿನಲ್ಲೇ, ಬದುಕಿರುವವರನ್ನು ನೆನೆಯುವ ಮಾತು, ಅದರ ನಡುವೆ ಖಾಲಿ ಜಾಗ. ಪಕ್ಕದಲ್ಲಿ ಕೆಂಪಕ್ಷರದ ಸೂಚನೆ: ಇಲ್ಲಿ ಪಾದ್ರಿ ಕೈ ಜೋಡಿಸಿ, ತಾನು ಯಾರಿಗಾಗಿ ಪ್ರಾರ್ಥಿಸಬೇಕೆಂದಿದ್ದಾನೋ ಅವರನ್ನು ನೆನೆಯಬಹುದು, ಹೆಸರು ಹೇಳಬಹುದು.

ಅವನು ಬೆಂಚಿನ ಮೇಲೆ ಕುಳಿತುಬಿಟ್ಟ. ಇದನ್ನು ಕಲಿಸಿಕೊಟ್ಟವರು ಈ ಮನೆಯಲ್ಲೇ ಇದ್ದರು: ಸೆಮಿನರಿಯಲ್ಲಿ ಪೂಜಾವಿಧಿ ಹೇಳಿಕೊಡುತ್ತಿದ್ದ, ಈಗ ಕಿವಿ ಪೂರಾ ಹೋಗಿರುವ, ಎಲ್ಲರೂ ಅಜ್ಜ ಎಂದೇ ಕರೆಯುವ ಮುದುಕ. ಯಾರು ಪೂಜೆ ಮಾಡಲಿ, ಮೊದಲ ಬೆಂಚಿನಲ್ಲಿ ಕುಳಿತು ತುಟಿಗಳನ್ನೇ ನೋಡುತ್ತ, ಎಲ್ಲಿಯಾದರೂ ಎಡವಿದರೆ ಗಟ್ಟಿಯಾಗಿ ಮುಂದಿನ ಪದ ಎತ್ತಿಕೊಡುವುದು ಅಜ್ಜನಿಗೆ ಇಂದಿಗೂ ಬಿಡದ ಚಾಳಿ. ಮೊನ್ನೆ ಅವರು ನೆಗಡಿಯೆಂದು ಮಲಗಿರದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಈಗ ಅವನಿಗೆ ಎದ್ದು ಕುಣಿಯಬೇಕೆನಿಸಿತು. ಬಿಷಪರ ಹೆಸರನ್ನು ಸ್ಪಷ್ಟವಾಗಿ ಹೇಳುವುದು, ಒಂದು ಅಕ್ಷರ ಬಿಡದೆ. ಉಸಿರು ತೆಗೆದುಕೊಂಡು, ಅದರ ಬೆನ್ನಿಗೇ, ಗೇಟಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆಯುವುದು. ಬಿಷಪರ ಪಕ್ಕದಲ್ಲೇ ಅವರನ್ನು ತಂದು ಕೂರಿಸುವುದು. ಯಾರು ಏನು ಹೇಳಲು ಸಾಧ್ಯ? ಪುಸ್ತಕದಲ್ಲೇ ಜಾಗ ಬಿಟ್ಟಿದೆ, ಕೆಂಪಕ್ಷರದಲ್ಲೇ ಅಪ್ಪಣೆಯಿದೆ. ಗಂಟೆಗೆ ಈ ಸುದ್ದಿ ತಲುಪುವಾಗ ಅವನ ಮುಖ ಹೇಗಿರಬಹುದೆಂದು ನೆನೆಸಿಕೊಂಡು ಒಬ್ಬನೇ ನಕ್ಕ. ಐದು ತಿಂಗಳಲ್ಲಿ ಮೊದಲ ಬಾರಿ ರಾತ್ರಿಯೂಟ ರುಚಿಸಿತು. ಮದರ್ ಎರಡನೆಯ ಸಲ ಬಡಿಸುತ್ತ, "ಏನು ಫಾದರ್, ಒಳ್ಳೆ ಸುದ್ದಿಯಾ?" ಎಂದರು. "ನಾಳೆ ಬನ್ನಿ, ಗೊತ್ತಾಗುತ್ತೆ" ಎಂದ.

ಬೆಳಿಗ್ಗೆ ವಸ್ತ್ರ ಧರಿಸಿ ಹೊರಬಂದಾಗ ಹಿಂದಿನ ಗೋಡೆಗೆ ತಾಗಿದ ಕೊನೆಯ ಬೆಂಚಿನಲ್ಲಿ ಗೇಟಿನ ಹೆಂಗಸರಲ್ಲಿ ಇಬ್ಬರಿದ್ದರು. ದಪ್ಪಗಿನವಳು, ಪಕ್ಕದಲ್ಲಿ ಎತ್ತರದವಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಗೊತ್ತಿಲ್ಲದೆ ಮುಂದಿನವರನ್ನು ನೋಡಿ ಒಂದು ಗಳಿಗೆ ತಡವಾಗಿ ಏಳುತ್ತಿದ್ದರು, ಒಂದು ಗಳಿಗೆ ತಡವಾಗಿ ಕೂರುತ್ತಿದ್ದರು. ಮದರ್ ಮೂರನೆಯ ಬೆಂಚಿನಲ್ಲಿ. ಮೊದಲನೆಯದರಲ್ಲಿ ಅಜ್ಜ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಕಣ್ಣುಗಳನ್ನು ಇವನ ತುಟಿಗಳಿಗೆ ನೆಟ್ಟು. ಇವನು ಉದ್ದನೆಯ ಪಾಠದ ಹಾಳೆ ತೆರೆದಾಗ ಅಜ್ಜನ ಹುಬ್ಬು ಮೇಲಕ್ಕೆ ಹೋಯಿತು, ಮುಖ ಅರಳಿತು. ತನ್ನ ಧ್ವನಿ ತನಗೇ ಚೆನ್ನಾಗಿ ಕೇಳಿಸಿತು. ಪೋಪರ ಹೆಸರು ಹೇಳಿದ. ಬಿಷಪರ ಹೆಸರು ಹೇಳಿದ, ಇಡಿಯಾಗಿ, ನಿಧಾನವಾಗಿ. ಮದರ್ ತಲೆ ತಗ್ಗಿಸಿದರು, ಅವರ ಹೆಗಲು ಸಡಿಲವಾದದ್ದು ಇಲ್ಲಿಗೇ ಕಂಡಿತು. ಕೊನೆಯ ಬೆಂಚಿನಲ್ಲಿ ಎತ್ತರದವಳು ದಪ್ಪಗಿನವಳ ಕಡೆ ತಿರುಗಿ ಏನೋ ಪಿಸುಗುಟ್ಟಿದಳು. ದಪ್ಪಗಿನವಳು ಇವನನ್ನೇ ನೋಡುತ್ತಿದ್ದಳು. ತಡಿಯಮ್ಮ, ಎಂದುಕೊಂಡ ಮನಸ್ಸಿನಲ್ಲೇ, ಇನ್ನೊಂದು ಸಾಲು ತಡಿ.

ಮುಂದಿನ ಸಾಲು ಹೇಳಿದ. ನಿನ್ನ ಸೇವಕರನ್ನು ನೆನೆ ಎಂಬ ಅರ್ಥದ ಮಾತು. ಕೈ ಜೋಡಿಸಿದ. ಬಾಯಿ ತೆರೆದ.

ಮುಖಗಳು ಬಂದವು. ಒಂದೂ ತಪ್ಪದೆ ಬಂದವು. ಸೂಜಿ ಚುಚ್ಚಿಸಿಕೊಂಡವಳ ಬೆರಳಿನ ಬಿಳಿ ಬಟ್ಟೆ, ಮುದುಕಿಯ ನೀಡಿದ ಕಾಲು, ನೀರಿನ ಬಾಟಲಿ ಮೊದಲು ಇವನಿಗೆ ಕೊಟ್ಟು ಆಮೇಲೆ ತಾನು ಕುಡಿದವಳ ಕೈ. ಮೂರು ದಿನ ಅವರ ನಡುವೆ ಕುಳಿತಿದ್ದ. ಅವರ ಡಬ್ಬಿಯಿಂದ ಉಂಡಿದ್ದ. ಹೇಳಿಯಮ್ಮ, ಬನ್ನಿಯಮ್ಮ, ಅಳಬೇಡಿಯಮ್ಮ. ಮೂವತ್ತು ವರ್ಷದಿಂದ ಎದುರಿಗೆ ಬಂದ ಹೆಂಗಸರೆಲ್ಲ ಅವನಿಗೆ ಅಮ್ಮ. ಆ ಒಂದು ಪದ ಹಾಸಿಬಿಟ್ಟರೆ ಎಲ್ಲರೂ ಅದರ ಮೇಲೆ ಕೂರುತ್ತಿದ್ದರು, ಯಾರ ಹೆಸರನ್ನೂ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಇವತ್ತು ಬೆಳಗಿನ ತನಕ, ಗಂಟೆಯ ಮುಖ ಹೇಗಾದೀತೆಂದು ಊಹಿಸಿಕೊಂಡು ನಕ್ಕವನಿಗೆ, ಹೇಳಬೇಕಾದ ಹೆಸರುಗಳು ತನ್ನಲ್ಲಿ ಇವೆಯೇ ಎಂದು ಒಮ್ಮೆ ತಡವಿ ನೋಡಿಕೊಳ್ಳಬೇಕೆಂದು ಕೂಡ ಹೊಳೆದಿರಲಿಲ್ಲ. ಒಂದು ಹೆಸರೂ ಇರಲಿಲ್ಲ. ಹತ್ತು ಜನವೋ ಹನ್ನೆರಡೋ, ಅದೂ ಗೊತ್ತಿರಲಿಲ್ಲ.

ಯಾರೋ ಕೆಮ್ಮಿದರು. ಮದರ್ ತಲೆ ಎತ್ತಿದರು. ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು. ಪಾಪ, ಡಾಕ್ಟರಿಗೆ ತೋರಿಸಲೇಬೇಕು ಎನ್ನುವಂಥದ್ದು. ಅಜ್ಜ ಮುಂದಕ್ಕೆ ಬಾಗಿದರು. ಇವನ ತೆರೆದ ಬಾಯಿಯನ್ನೇ ನೋಡಿ, ಶಿಷ್ಯ ಮೊನ್ನೆ ಎಡವಿದಲ್ಲೇ ಮತ್ತೆ ಎಡವಿದ್ದಾನೆಂದು ತಮಗೆ ಗೊತ್ತಾದ ಸಂತೋಷದಲ್ಲಿ, ಕಿವುಡರ ಗಟ್ಟಿ ದನಿಯಲ್ಲಿ, ಇಡೀ ಪ್ರಾರ್ಥನಾಲಯಕ್ಕೆ ಕೇಳುವ ಹಾಗೆ ಎತ್ತಿಕೊಟ್ಟರು: ಬಿಷಪರ ಹೆಸರು.

"ಅದಲ್ಲ ಅಜ್ಜ" ಎಂದ ಅವನು.

ಅಜ್ಜನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ, ಅದೇ ಹೆಸರು.

ಮುಂದಿನ ಸಾಲಿಗೆ ಹೋಗಿಬಿಡಬಹುದಿತ್ತು. ಇಲ್ಲಿ ನೆರೆದವರ ವಿಶ್ವಾಸ ನಿನಗೆ ಗೊತ್ತೇ ಇದೆ ಎಂದು ದೇವರಿಗೆ ಹೇಳುವ ಸಾಲು ಅದು. ಗೊತ್ತಿರುವವನಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬಹುದಿತ್ತು. ಕೆಂಪಕ್ಷರ ಅದಕ್ಕೂ ಅಡ್ಡಿ ಮಾಡಿರಲಿಲ್ಲ, ಬರೀ ಮನಸ್ಸಿನಲ್ಲಿ ನೆನೆದರೂ ಸಾಕಿತ್ತು. ಅವನ ಜೋಡಿಸಿದ ಕೈಗಳು ಬಿಚ್ಚಿಕೊಂಡವು. ಈ ಪ್ರಾರ್ಥನೆಯ ನಡುವೆ ಪಾದ್ರಿ ಪೀಠ ಬಿಟ್ಟು ಕದಲಬಾರದು, ಬೇರೆ ಮಾತಾಡಬಾರದು. ಅದನ್ನು ಕಲಿಸಿದವರು ಎದುರಿಗೇ ಕುಳಿತಿದ್ದರು. ಅವನು ಪೀಠದ ಮುಂದಕ್ಕೆ ಬಂದ. ಮೆಟ್ಟಿಲಿಳಿದ. ಅಜ್ಜನ ಬಾಯಿ ತೆರೆದೇ ಉಳಿಯಿತು. ಬೆಂಚುಗಳ ನಡುವಿನ ಹಾದಿಯಲ್ಲಿ ಅವನ ಉದ್ದನೆಯ ವಸ್ತ್ರ ನೆಲ ಗುಡಿಸುತ್ತ ಬಂತು. ಮದರ್ ಅರ್ಧ ಎದ್ದು ನಿಂತಿದ್ದರು. ನಾಚಿಕೆಯಿಂದ ಅವನ ಮುಖ ಸುಡುತ್ತಿತ್ತು. ಕೊನೆಯ ಬೆಂಚಿನ ಮುಂದೆ ನಿಂತು ದಪ್ಪಗಿನವಳನ್ನು ನೋಡಿದ.

"ನಿಮ್ಮ ಹೆಸರು ಏನಮ್ಮ?" ಎಂದು ಕೇಳಿದ.

ಅವಳು ತಿರುಗಿ ಹಿಂದೆ ನೋಡಿದಳು, ಬೇರೆ ಯಾರನ್ನೋ ಕೇಳುತ್ತಿರಬೇಕೆಂದು. ಹಿಂದೆ ಗೋಡೆಯಿತ್ತು.